ಕಾಳಿ ಅಳಿವೆಯಲ್ಲಿ ರಾತ್ರಿ ಫ್ಲೈ ಫಿಶಿಂಗ್: ಆರು ರಾತ್ರಿ, ಮೀನು ಸೊನ್ನೆ. ತಪ್ಪೆಲ್ಲಿ?

ಕೋಡಿಬಾಗ ಕತ್ತಲೆ
ಎಲ್ಲರಿಗೂ ನಮಸ್ಕಾರ. ನಗೋರು ಮೊದಲು ನಕ್ಕು ಮುಗಿಸಿ, ಆಮೇಲೆ ಉತ್ತರ ಬರೀರಿ.

ನಾನು ಕಾರವಾರದವನೇ. ಕೆಲಸದ ಮೇಲೆ ನಾಲ್ಕು ವರ್ಷ ವೇಲ್ಸ್‌ನಲ್ಲಿದ್ದೆ. ಪಕ್ಕದ ಮನೆಯ ಅಜ್ಜ ಒಬ್ಬರು ಬೇಸಿಗೆಯಲ್ಲಿ ಟೋವಿ ನದಿಗೆ ರಾತ್ರಿ ಟ್ರೌಟ್ ಹಿಡಿಯೋಕೆ ಕರ್ಕೊಂಡು ಹೋಗ್ತಿದ್ರು. ಸಾದಾ ಟ್ರೌಟ್ ಅಲ್ಲ, ಸಮುದ್ರಕ್ಕೆ ಹೋಗಿ ಬೆಳೆದು ಮೊಟ್ಟೆ ಇಡೋಕೆ ನದಿಗೆ ವಾಪಸ್ ಬರೋ ಸೀ ಟ್ರೌಟ್. ಹಗಲಲ್ಲಿ ಗುಂಡಿಯ ತಳಕ್ಕೆ ಅಂಟಿಕೊಂಡು ಕಲ್ಲಿನಂಗೆ ಇರತ್ತೆ, ನೆರಳು ಬಿದ್ರೂ ಪರಾರಿ. ಕತ್ತಲಾದ್ಮೇಲೆ ಮಾತ್ರ ಗುಂಡಿಯ ಬಾಲದ ಕಡೆ, ತೆಳು ನೀರಿಗೆ ಬರತ್ತೆ. ಜೂನ್‌ನಲ್ಲಿ ಅಲ್ಲಿ ಕತ್ತಲಾಗೋದೇ ರಾತ್ರಿ ಹನ್ನೊಂದಕ್ಕೆ. ಅಜ್ಜನದ್ದು ಒಂದೇ ನಿಯಮ. ದಡದ ಹುಲ್ಲಿನ ಹಸಿರು ಕಣ್ಣಿಗೆ ಕಾಣದಂಗೆ ಆಗೋ ತನಕ ನೀರಿಗೆ ಕಾಲಿಡಬಾರದು. ಅಲ್ಲಿ ತನಕ ದಡದಲ್ಲಿ ಕೂತು ಚಹಾ ಕುಡೀಬೇಕು.

ಗೊತ್ತಿಲ್ಲದವರಿಗೆ: ಫ್ಲೈ ಅಂದ್ರೆ ಕೊಕ್ಕೆಗೆ ಪುಕ್ಕ, ಕೂದಲು ಸುತ್ತಿ ಮಾಡಿದ ಸುಳ್ಳು ಹುಳ, ಇಲ್ಲಾ ಸುಳ್ಳು ಮರಿಮೀನು. ಅದಕ್ಕೆ ತೂಕವೇ ಇಲ್ಲ. ಹಾಗಾಗಿ ತೂಕ ಇರೋ ದಪ್ಪ ದಾರವನ್ನೇ ಚಾಟಿಯಂಗೆ ಹಿಂದೆ ಮುಂದೆ ಬೀಸಿ ಬಿಡಬೇಕು, ಹುಳ ಅದರ ಹಿಂದೆ ಹಾರ್ಕೊಂಡು ಹೋಗತ್ತೆ.

ಊರಿಗೆ ವಾಪಸ್ ಬರುವಾಗ ಎಂಟನೇ ನಂಬರಿನ ರಾಡ್ ತಂದೆ. ಇಲ್ಲಿ ಟ್ರೌಟ್ ಇಲ್ಲ, ಆದ್ರೆ ಚೊಣಕ್ (ಸೀಬಾಸ್) ಇದೆಯಲ್ಲ, ಅದೂ ರಾತ್ರಿ ಬೇಟೆಯ ಮೀನೇ ಅಂತ ಲೆಕ್ಕ ಹಾಕಿದೆ. ಆರು ರಾತ್ರಿ ಹೋದೆ, ಒಂಬತ್ತರಿಂದ ಹನ್ನೆರಡರವರೆಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿಗೆ. ನಾಲ್ಕೈದು ಸಲ ‘ಟಪ್’ ಅಂತ ಕೈಗೆ ಗೊತ್ತಾಯ್ತು. ರಾಡ್ ಎತ್ತಿದ್ರೆ ಖಾಲಿ. ಎಲ್ಲಿ ತಪ್ತಿದೇನೆ?

ಬಳಚು ಸುಕ್ಕಾ
ಆರು ರಾತ್ರಿ ಸೊಳ್ಳೆಗೆ ಊಟ ಹಾಕಿದ ಪುಣ್ಯ ನಿಮ್ಮದು 😄

ಅಂಕೋಲಾ ಅಕ್ಕ
ತಮ್ಮಾ, ಸಂತೆಗೆ ಬಾ, ಚೊಣಕ್ ಸಿಗತ್ತೆ. ಕತ್ತಲಲ್ಲಿ ಪುಕ್ಕ ಬೀಸೋದು ಎಂಥದಕ್ಕೆ?

ಹಳೆ ರಾಂಪಣಿ
ಶೆಟ್ಲಿ (ಸಿಗಡಿ) ಕಟ್ಟಿ. ಜೀವ ಇರೋ ಶೆಟ್ಲಿ. ಚೊಣಕ್ ಸತ್ತದ್ದನ್ನೇ ಮುಟ್ಟೋದು ಕಡಿಮೆ, ಇನ್ನು ಕೋಳಿ ಪುಕ್ಕ ಮುಟ್ಟತ್ತಾ?

ಕೋಡಿಬಾಗ ಕತ್ತಲೆ
ಹಳೆ ರಾಂಪಣಿ ಮಾಮಾ, ಮುಟ್ಟಿದೆ ಅಂತಾನೇ ಹೇಳ್ತಿರೋದು. ‘ಟಪ್’ ಮರದ ಬೇರಲ್ಲ, ಬೇರು ಎಳೆದು ಬಿಡಲ್ಲ.

ಘಟ್ಟದ ಮೇಲಿನವ
ಶಿರಸಿಯಿಂದ ಒಂದು ಪ್ರಶ್ನೆ. ಮೀನು ತಿನ್ನೋ ಜಾತಿ ಅಲ್ಲ ನಾನು, ಕುತೂಹಲ ಅಷ್ಟೇ. ಟ್ರೌಟನ್ನೇ ಇಲ್ಲಿಗೆ ತಂದು ಬಿಟ್ರೆ ಆಗ್ದಾ? ಊಟಿಯಲ್ಲಿ ಉಂಟು, ಮುನ್ನಾರಲ್ಲಿ ಉಂಟು, ಕಾಶ್ಮೀರದಲ್ಲೂ ಉಂಟು. ನಮ್ಮಲ್ಲೂ ತಂಪು ಹೊಳೆ ಇದೆಯಲ್ಲ ಮಾರಾಯ್ರೆ.

ತೇಲುವ ತಕ್ಕಡಿ
@ಘಟ್ಟದ ಮೇಲಿನವ ಆಗಲ್ಲ ಭಟ್ರೇ. ನಿಮ್ಮ ಶಿರಸಿ ಆರುನೂರು ಮೀಟರ್ ಎತ್ತರದ ಆಸುಪಾಸು. ನೀಲಗಿರಿಯಲ್ಲಿ ಟ್ರೌಟ್ ಬದುಕೋದು ಎರಡು ಸಾವಿರ ಮೀಟರ್ ಎತ್ತರದಲ್ಲಿ. ನೀರು 20 ಡಿಗ್ರಿ ದಾಟಿದ್ರೆ ಅದಕ್ಕೆ ಕಷ್ಟ ಶುರು, 25ರ ಹತ್ತಿರ ಹೋದ್ರೆ ಜೀವಕ್ಕೇ ಸಂಚಕಾರ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಅದು ಉಸಿರು ಜಾಸ್ತಿ ಬೇಡೋ ಮೀನು. ನಿಮ್ಮ ಏಪ್ರಿಲ್ ತಿಂಗಳ ಹೊಳೆಗೆ ಬಿಟ್ರೆ ಮೂರೇ ದಿನ.

ಕಾಶ್ಮೀರದ್ದೂ ಸುಲಭವಾಗಿ ಆಗಿದ್ದಲ್ಲ. ಬ್ರಿಟನ್ನಿನಿಂದ ಹಡಗಲ್ಲಿ ಬಂದ ಮೊದಲನೇ ಕಂತಿನ ಮೊಟ್ಟೆ ದಾರಿಯಲ್ಲೇ ಹಾಳಾಯ್ತು, 1900ರಲ್ಲಿ ಬಂದ ಎರಡನೇ ಕಂತು ಮರಿಯಾಯ್ತು. ಇನ್ನೊಂದು ವಿಷಯ. ಬದುಕಿದ್ರೂ ತರಬಾರದು. ಬ್ರೌನ್ ಟ್ರೌಟ್, ರೇನ್‌ಬೋ ಟ್ರೌಟ್ ಎರಡೂ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿವೆ. ಹೋದಲ್ಲೆಲ್ಲ ಊರಿನ ಮೀನು ತಿಂದು ಹಾಕಿದಾವೆ.

ಘಟ್ಟದ ಮೇಲಿನವ
ಆಯ್ತು ಬಿಡಿ, ತರಲ್ಲ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತುಮೀನು ಏರಿ ಬರುವಾಗ ನಮ್ಮ ಬದಿಯವರೂ ರಾತ್ರಿ ಟಾರ್ಚು ಕತ್ತಿ ಹಿಡ್ಕೊಂಡು ಹೊರಡ್ತಾರೆ. ಅದೂ ರಾತ್ರಿ ಮೀನು ಹಿಡಿಯೋದೇ ಅಲ್ದಾ?

ತೇಲುವ ತಕ್ಕಡಿ
ಅದು ಹಿಡಿಯೋದಲ್ಲ, ಹೆರಿಗೆ ಆಸ್ಪತ್ರೆಗೆ ನುಗ್ಗಿ ಕಡಿಯೋದು. ಹತ್ತುಮೀನು ಏರೋದೇ ಮೊಟ್ಟೆ ಇಡೋಕೆ. ಹೊಟ್ಟೆ ತುಂಬ ಮೊಟ್ಟೆ ಇರೋದನ್ನ ಕಡಿದು ಆಮೇಲೆ ‘ಹೊಳೆಯಲ್ಲಿ ಮೀನೇ ಇಲ್ಲ’ ಅಂತ ಅಳೋದು.

ಬಳಚು ಸುಕ್ಕಾ
ಹತ್ತುಮೀನಿನ ಸಾರು ತಿಂದವರಿಗೆ ಗೊತ್ತು ಅದರ ರುಚಿ. ನಾನು ಈ ವಾದಕ್ಕೆ ಬರಲ್ಲ.

ತದಡಿ ದೋಣಿ
ಕೋಡಿಬಾಗದವರೆ, ಒಂದು ಮಾತು ಕೇಳ್ತೆ. ಒಂಬತ್ತರಿಂದ ಹನ್ನೆರಡು ಅಂತ ಬರೆದ್ರಿ. ಆಗ ಭರತಿಯೋ ಇಳಿತವೋ? ಅದನ್ನೇ ಬರೀಲಿಲ್ಲ ನೀವು.

ಕೋಡಿಬಾಗ ಕತ್ತಲೆ
ನೋಡಿಲ್ಲ. ಕತ್ತಲಾಗಿತ್ತು, ಹೋದೆ.

ತದಡಿ ದೋಣಿ
ಅಲ್ಲೇ ಬಿತ್ತು ನೋಡಿ. ನಿಮ್ಮ ವೇಲ್ಸಿನ ಅಜ್ಜ ಹೇಳಿದ್ದು ಸರಿಯೇ ಇರಬೇಕು, ಆದ್ರೆ ಅವರದ್ದು ಒಂದೇ ಕಡೆ ಹರಿಯೋ ನೀರು. ಅಲ್ಲಿ ಕತ್ತಲೆ ಹೇಳಿದ ಹಾಗೆ ಮೀನು ಕೇಳತ್ತೆ. ಅಳಿವೆಯಲ್ಲಿ ಕತ್ತಲೆ ಅರ್ಧ ಯಜಮಾನ, ಪೂರ್ತಿ ಯಜಮಾನ ನೀರು.

ನಮ್ಮದು ಅಘನಾಶಿನಿ ಬದಿ. ಗಜನಿ ಗೊತ್ತಲ್ಲ, ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆದು ಆಮೇಲೆ ಉಪ್ಪುನೀರು ಬಿಟ್ಟು ಶೆಟ್ಲಿ ಮಾಡೋ ಗದ್ದೆ. ಭರತಿಗೆ ಬಾಗಿಲು ತೆಗೆದು ನೀರು ಒಳಗೆ ಬಿಡ್ತಾರೆ, ಇಳಿತಕ್ಕೆ ಬಾಗಿಲಿಗೆ ಬಲೆ ಕಟ್ಟಿ ಹೊರಗೆ ಬಿಡ್ತಾರೆ. ರಾತ್ರಿ ಇಳಿತ ಶುರುವಾಗಿ ಒಂದು ತಾಸಿಗೆ ಬಾಗಿಲ ಹೊರಗಡೆ ನಿಂತು ಕಿವಿ ಕೊಡಿ. ಬಲೆ ತಪ್ಪಿಸಿಕೊಂಡ ಶೆಟ್ಲಿ, ಸಣ್ಣ ಮೀನು ಹೊರಗೆ ಬರುವಾಗ ಕತ್ತಲಲ್ಲಿ ‘ಬಫ್’ ಅಂತ ಶಬ್ದ ಆಗತ್ತೆ. ಬಾಯಿ ಪಟ್ಟನೆ ತೆಗೆದು ನೀರಿನ ಸಮೇತ ಒಳಗೆಳೆಯೋ ಶಬ್ದ ಅದು. ಅದು ಚೊಣಕ್. ಶೇವ್ಟೊ ಮೀನು ಹಾರಿ ಬಿದ್ರೆ ‘ಚಪ್’ ಅನ್ನತ್ತೆ. ಈ ಎರಡು ಶಬ್ದದ ವ್ಯತ್ಯಾಸ ಅಪ್ಪ ನನಗೆ ಕಲಿಸಿದ್ದು ಹತ್ತನೇ ವರ್ಷಕ್ಕೆ. ದೋಣಿಯಲ್ಲಿ ಮಾತಾಡಿದ್ರೆ ಬೆನ್ನಿಗೆ ಹುಟ್ಟಿನಲ್ಲಿ ಬೀಳ್ತಿತ್ತು.

ಇಳಿತ ದಿನಾ ಸುಮಾರು 50 ನಿಮಿಷ ತಡ ಆಗ್ತಾ ಹೋಗತ್ತೆ. ಅಮಾವಾಸ್ಯೆ ಹುಣ್ಣಿಮೆಗೆ ನಮ್ಮಲ್ಲಿ ಭರತಿ ತುಂಬೋದೇ ರಾತ್ರಿ ಹನ್ನೊಂದು ಹನ್ನೆರಡರ ಸುಮಾರಿಗೆ. ಅಂದ್ರೆ ಆ ದಿನಗಳಲ್ಲಿ ಮೀನು ಊಟಕ್ಕೆ ಕೂರೋ ಹೊತ್ತಿಗೆ ನೀವು ಮನೆಗೆ ಹೊರಟಿರ್ತ್ರಿ.

ಕೋಡಿಬಾಗ ಕತ್ತಲೆ
ದೋಣಿ ಅಣ್ಣಾ, ಇದನ್ನ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸ್ತೇನೆ.

ಬೆಂಗ್ಳೂರ್ ಕಾರವಾರಿ
ಲೈಟ್ ಬಗ್ಗೆ ಯಾರೂ ಹೇಳಲಿಲ್ವಾ? ಹಳೆ ಕಾಳಿ ಸೇತುವೆ ಇದ್ದಾಗ ಅದರ ದೀಪದ ಬೆಳಕು ನೀರಿಗೆ ಬೀಳೋ ಗೆರೆಯಲ್ಲೇ ಮೀನು ಸಿಗ್ತಿತ್ತು ಅಂತ ನಮ್ಮ ಚಿಕ್ಕಪ್ಪ ಹೇಳ್ತಾರೆ. ಬೆಳಕಿಗೆ ಸಣ್ಣ ಮೀನು ಸೇರತ್ತೆ, ದೊಡ್ಡದು ಕತ್ತಲ ಬದಿಯಲ್ಲಿ ನಿಂತು ಬೆಳಕಿನ ಕಡೆ ಮುಖ ಮಾಡಿ ಕಾಯತ್ತೆ. ಬೆಳಕಿನ ಒಳಗೆ ಎಸೆದ್ರೆ ವೇಸ್ಟ್. ಗೆರೆಯ ಮೇಲೆ, ಬೆಳಕಿಂದ ಕತ್ತಲಿಗೆ ಹೋಗೋ ಥರ ಎಳೀಬೇಕು.

ಹಳೆ ರಾಂಪಣಿ
ಆ ಸೇತುವೆಯ ಮಾತು ಎತ್ತಬೇಡಿ. 2024ರ ಆಗಸ್ಟ್ 7, ರಾತ್ರಿ ಒಂದು ಗಂಟೆ. ಲಾರಿ ಸಮೇತ ಕುಸಿದು ಬಿತ್ತು. ಡ್ರೈವರ್ ಬದುಕಿದ್ದು ದೇವರ ದಯೆ, ಮತ್ತೆ ದೋಣಿ ಇಳಿಸಿದವರ ದಯೆ. ಅದರ ಕೆಳಗೆ ರಾತ್ರಿ ಗಾಳ ಹಾಕಿ ಕೂತವರಲ್ಲಿ ನಾನೂ ಒಬ್ಬ, ಎಷ್ಟೋ ವರ್ಷ. ಈಗಲೂ ನೆನೆಸಿದ್ರೆ ಮೈ ಜುಂ ಅನ್ನತ್ತೆ.

ಬಳಚು ಸುಕ್ಕಾ
ಬೆಳಕಿಗೆ ಮೀನು ಸೇರತ್ತೆ ಅಂತ ಕಂಡುಹಿಡಿದೇ ಅಲ್ವಾ ಬೋಟಿನವರು ಎಲ್‌ಇಡಿ ಹಾಕ್ಕೊಂಡು ಸಮುದ್ರ ಗುಡಿಸಿದ್ದು.

ಹಳೆ ರಾಂಪಣಿ
ಹೌದಪ್ಪಾ. ಕೇಂದ್ರದವರು 2017ರ ನವೆಂಬರಿನಲ್ಲೇ ನಿಷೇಧ ಮಾಡಿದ್ರು. ಕಾಗದದಲ್ಲಿ ನಿಷೇಧ, ಸಮುದ್ರದಲ್ಲಿ ದೀಪಾವಳಿ. ನಮ್ಮ ಸಣ್ಣ ದೋಣಿಯವರು ದಡದಲ್ಲಿ ನಿಂತು ನೋಡಬೇಕು. ಇಲ್ಲೊಬ್ಬ ತಮ್ಮ ಆರು ರಾತ್ರಿ ಪುಕ್ಕ ಬೀಸಿ ಒಂದೂ ಹಿಡೀಲಿಲ್ಲ ಅಂತ ಬೇಜಾರು ಮಾಡ್ಕೊಂಡಿದಾನೆ, ಅವರು ಒಂದೇ ರಾತ್ರಿಗೆ ಮರಿಮಕ್ಕಳ ಸಮೇತ ಎತ್ತಿ ಹೋಗ್ತಾರೆ.

ನಿರ್ವಾಹಕ
ಲೈಟ್ ಫಿಶಿಂಗ್ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಯಾರೂ ಜಾಗದ ಹೆಸರು ನಿಖರವಾಗಿ ಹಾಕಬೇಡಿ, ಮರುದಿನ ಐವತ್ತು ಜನ ಹೋಗ್ತಾರೆ. ಇನ್ನೊಂದು, ಅರ್ಗಾ ಕಡೆ ನೌಕಾನೆಲೆಯ ಹತ್ತಿರ ರಾತ್ರಿ ಟಾರ್ಚು ಬಿಟ್ಕೊಂಡು ಓಡಾಡಬೇಡಿ. ಮೀನು ಹಿಡಿಯೋಕೆ ಹೋಗಿ ನೀವೇ ಸಿಕ್ಕಿಬೀಳ್ತೀರಿ.

ಪುಕ್ಕದ ಪೆಟ್ಟಿಗೆ
ನಾನು ಹತ್ತು ವರ್ಷದಿಂದ ಫ್ಲೈ ಬೀಸೋನು, ಕುಮಟಾ ಹೊನ್ನಾವರ ಕಡೆ. ತಡವಾಗಿ ಬಂದೆ, ಕ್ಷಮಿಸಿ. ಕೋಡಿಬಾಗದವರೇ, ಎರಡು ಪ್ರಶ್ನೆ. ತಲೆಗೆ ಟಾರ್ಚ್ ಕಟ್ಕೊಂಡಿದ್ರಾ? ‘ಟಪ್’ ಅಂದಾಗ ಏನು ಮಾಡಿದ್ರಿ?

ಕೋಡಿಬಾಗ ಕತ್ತಲೆ
ಟಾರ್ಚ್ ಇತ್ತು, ಗಂಟು ಹಾಕೋಕೆ, ಆಮೇಲೆ ಹಾವಿನ ಭಯಕ್ಕೆ. ‘ಟಪ್’ ಅಂದಾಗ ರಾಡ್ ಎತ್ತಿದೆ. ಅಜ್ಜ ಕಲಿಸಿದ್ದೇ ಹಾಗೆ.

ಪುಕ್ಕದ ಪೆಟ್ಟಿಗೆ
ಸಿಕ್ತು ಕಳ್ಳ. ಟ್ರೌಟಿನ ಬಾಯಿ ಮೆದು, ಕೊಕ್ಕೆ ಸಣ್ಣದು, ರಾಡ್ ಎತ್ತಿದ್ರೆ ಸಾಕು ಚುಚ್ಚತ್ತೆ. ಚೊಣಕಿನ ಬಾಯಿ ಒಳಗೆ ಉಜ್ಜುಗಾಗದ ಥರ, ದವಡೆ ಗಟ್ಟಿ. ನೀವು ರಾಡ್ ಎತ್ತಿದ ಕೂಡಲೇ ರಾಡ್ ಬಾಗತ್ತೆ, ಬಲ ಎಲ್ಲ ಆ ಬಾಗಿನಲ್ಲೇ ಖರ್ಚು, ಫ್ಲೈ ಬಾಯಿಂದ ಜಾರಿ ಬರತ್ತೆ. ರಾಡಿನ ತುದಿ ನೀರಿನ ಕಡೆ ನೇರ ಇಟ್ಟು, ಎಡಗೈಯಲ್ಲಿ ದಾರ ಉದ್ದಕ್ಕೆ ಜಗ್ಗಬೇಕು. ಮೀನಿನ ಭಾರ ಕೈಗೆ ಬಂದ್ಮೇಲೆ ರಾಡ್ ಎತ್ತಿ. ಟ್ರೌಟ್ ಕಲಿತು ಉಪ್ಪುನೀರಿಗೆ ಬಂದವರೆಲ್ಲ ಮಾಡೋ ತಪ್ಪು ಇದು. ನನಗೆ ಈ ಚಾಳಿ ಬಿಡೋಕೆ ಒಂದು ವರ್ಷ ಹಿಡೀತು, ಆ ವರ್ಷ ನಾನೂ ಹೆಚ್ಚುಕಡಿಮೆ ಸೊನ್ನೆಯೇ.

ಟಾರ್ಚು. ನಿಮ್ಮ ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಂದು ಸಲ ಬಿಳಿ ಬೆಳಕು ಹಾಕಿದ್ರೆ ಮತ್ತೆ ಮೊದಲಿಂದ. ನೀರಿನ ಮೇಲೆ ಬೆಳಕು ಹರಿದ್ರೆ ಮೀನಿನ ಗತಿಯೂ ಅದೇ. ನೀರಿಗೆ ಬೆನ್ನು ಹಾಕಿ, ಮಂದ ಕೆಂಪು ಬೆಳಕಲ್ಲಿ ಗಂಟು ಹಾಕಿ. ಕೆಂಪಿಗೆ ಕಣ್ಣಿನ ಕತ್ತಲ ಅಭ್ಯಾಸ ಅಷ್ಟು ಕೆಡಲ್ಲ.

ಫ್ಲೈ ಯಾವ ಬಣ್ಣ?

ಕೋಡಿಬಾಗ ಕತ್ತಲೆ
ಬಿಳಿ, ಹೊಳೆಯೋ ಎಳೆ ಹಾಕಿದ್ದು. ರಾತ್ರಿ ಕಾಣಲಿ ಅಂತ.

ಪುಕ್ಕದ ಪೆಟ್ಟಿಗೆ
ಕಪ್ಪು ಕಟ್ಟಿ ನೋಡಿ. ಕೇಳೋಕೆ ವಿಚಿತ್ರ, ಆದ್ರೆ ರಾತ್ರಿ ಟ್ರೌಟ್ ಹಿಡಿಯೋರೂ ದೊಡ್ಡ ಕಪ್ಪು ಫ್ಲೈಯನ್ನೇ ನಂಬೋದು. ಮೀನು ಕೆಳಗಿಂದ ಮೇಲೆ ನೋಡತ್ತೆ. ಎಷ್ಟೇ ಕತ್ತಲಿದ್ರೂ ಆಕಾಶ ನೀರಿಗಿಂತ ತಿಳಿ, ಅದರೆದುರು ಕಪ್ಪು ಆಕಾರ ಎದ್ದು ಕಾಣತ್ತೆ. ಫ್ಲೈಯ ತಲೆ ದಪ್ಪ ಇರಲಿ, ನೀರನ್ನ ತಳ್ಳಬೇಕು. ಮೀನಿನ ಮೈ ಉದ್ದಕ್ಕೆ ಒಂದು ಗೆರೆ ಇರತ್ತಲ್ಲ, ನೀರಿನ ಸಣ್ಣ ಅಲುಗಾಟ ಗೊತ್ತಾಗೋದು ಅದರಿಂದ. ಕತ್ತಲಲ್ಲಿ ಅದು ಮೊದಲು ಆ ಗೆರೆಯಲ್ಲಿ ಕೇಳಿ, ಆಮೇಲೆ ಕಣ್ಣಲ್ಲಿ ನೋಡೋದು. ನಿಧಾನ ಎಳೀರಿ, ಹಗಲಿನ ಅರ್ಧ ವೇಗ.

ಪುಕ್ಕಕ್ಕೆ ದುಡ್ಡು ಸುರಿಯಬೇಡಿ. ವಿದೇಶದವರು ನಮ್ಮ ದೇಶದ ಹುಂಜದ ಕುತ್ತಿಗೆ ಪುಕ್ಕವನ್ನೇ ತರಿಸಿ ಕಟ್ತಾರೆ. ನಾನು ಊರಿನ ಕೋಳಿ ಅಂಗಡಿಯಲ್ಲಿ ಕೇಳಿ ಇಸ್ಕೊಂಡೆ. ಅಂಗಡಿಯವ ಮಾಟ ಮಾಡ್ಸೋಕೆ ಅಂದ್ಕೊಂಡ. ಕರಿ ಹುಂಜದ್ದೇ ಬೇಕು ಅಂದಾಗ ಪೂರ್ತಿ ನಂಬಿದ.

ಬಳಚು ಸುಕ್ಕಾ
😂😂 ಅಮಾವಾಸ್ಯೆ ರಾತ್ರಿ, ಕರಿ ಹುಂಜ, ನದಿ ದಡ. ಯಾರಾದ್ರೂ ನೋಡಿದ್ರೆ ಊರು ಬಿಟ್ಟು ಓಡ್ತಾರೆ.

ಅಂಕೋಲಾ ಅಕ್ಕ
ಅಲ್ಲ, ಇಷ್ಟೆಲ್ಲ ಮಾಡಿ ಹಿಡಿದ ಮೀನು ಮನೆಗೆ ತರ್ತ್ರೋ ಇಲ್ಲಾ ಅದಕ್ಕೆ ಮುತ್ತು ಕೊಟ್ಟು ಬಿಡ್ತ್ರೋ? ಟೀವಿಯಲ್ಲಿ ಬಿಳಿ ಜನ ಹಾಗೇ ಮಾಡ್ತಾರೆ.

ಪುಕ್ಕದ ಪೆಟ್ಟಿಗೆ
ಅಕ್ಕಾ, ಸಣ್ಣದು ಬಿಡ್ತೇನೆ, ಮಧ್ಯದ್ದು ತರ್ತೇನೆ, ತೀರಾ ದೊಡ್ಡದು ಬಿಡ್ತೇನೆ.

ಅಂಕೋಲಾ ಅಕ್ಕ
ದೊಡ್ಡದು ಬಿಡೋದಾ! ತಲೆ ಸರಿ ಉಂಟಾ?

ತೇಲುವ ತಕ್ಕಡಿ
ಅವರು ಹೇಳೋದ್ರಲ್ಲಿ ಲೆಕ್ಕ ಇದೆ ಅಕ್ಕಾ. ಚೊಣಕ್ ಹುಟ್ಟಿ ಮೊದಲು ಗಂಡಾಗಿ ಬೆಳೆಯತ್ತೆ, ಕೆಲವು ವರ್ಷ ಕಳೆದು ಮೈ ತುಂಬಿದ ಮೇಲೆ ಹೆಣ್ಣಾಗತ್ತೆ. ಹಾಗಾಗಿ ದೊಡ್ಡದೆಲ್ಲ ಹೆಚ್ಚಾಗಿ ಹೆಣ್ಣು. ದೊಡ್ಡದನ್ನೇ ಆರಿಸಿ ಹಿಡಿದ್ರೆ ಉಳಿಯೋದು ಬರೀ ಗಂಡಸರ ಹಾಸ್ಟೆಲ್. ತಮಾಷೆ ಅಂದ್ರೆ ಸೀ ಟ್ರೌಟಿಗೆ ಇದು ಪೂರ್ತಿ ಉಲ್ಟಾ ದಾರಿ. ಅದು ಮೊಟ್ಟೆ ಇಡೋಕೆ ಸಮುದ್ರದಿಂದ ನದಿಗೆ ಏರತ್ತೆ, ಇದು ನದಿಯಿಂದ ಅಳಿವೆಯ ಬಾಯಿಗೆ ಇಳಿಯತ್ತೆ, ಮಳೆಗಾಲದಲ್ಲಿ. ಕೋಡಿಬಾಗದವರು ಎರಡನ್ನೂ ಒಂದೇ ಅಂತ ಲೆಕ್ಕ ಹಾಕಿದ್ದೇ ಸ್ವಲ್ಪ ಎಡವಟ್ಟು.

ಹಳೆ ರಾಂಪಣಿ
ಒಪ್ಪಲ್ಲ ನಾನು. ಕಾರವಾರದಲ್ಲಿ ಗೂಡುಗಳಲ್ಲಿ ಸೀಬಾಸ್ ಸಾಕ್ತಾರೆ, ಬಲೆ ಹರಿದು ಎಷ್ಟು ಹೊರಗೆ ಹೋಗಿದಾವೋ. ಒಬ್ಬ ಗಾಳದವ ಒಂದು ದೊಡ್ಡದು ಮನೆಗೆ ತಂದ್ರೆ ನದಿ ಬರಿದಾಗಲ್ಲ. ಕಾಂಡ್ಲಾ ಕಡಿದು ಮಣ್ಣು ತುಂಬೋರನ್ನ ಕೇಳಿ ಮೊದಲು.

ತೇಲುವ ತಕ್ಕಡಿ
ಅದೂ ಸರಿಯೇ ಮಾಮಾ. ಒಂದು ತಪ್ಪು ತೋರಿಸಿ ಇನ್ನೊಂದನ್ನ ಸರಿ ಮಾಡೋಕಾಗಲ್ಲ ಅಷ್ಟೇ.

ಜೋಯಿಡಾ ಜೀಪು
ಫ್ಲೈ ಬೀಸೋರಿಗೆ ಒಂದು ಎಚ್ಚರಿಕೆ. ಇದನ್ನೆಲ್ಲ ಓದಿ ‘ಕಾಳಿ ಮೇಲ್ಗಡೆ ಇನ್ನೂ ಚೆನ್ನಾಗಿರತ್ತೆ’ ಅಂತ ದಾಂಡೇಲಿ ಕಡೆ ಬಂದು ರಾತ್ರಿ ನೀರಿಗಿಳಿಯಬೇಡಿ. ಮೊಸಳೆ ಇದಾವೆ, ಸುಮಾರು ಇದಾವೆ. ಹುಲಿ ಸಂರಕ್ಷಿತ ಪ್ರದೇಶದ ಒಳಗಂತೂ ಗಾಳ ತೆಗೆಯೋದೇ ಅಪರಾಧ.

ತದಡಿ ದೋಣಿ
ಅಳಿವೆಯಲ್ಲಿ ಮೊಸಳೆಗಿಂತ ತೊರಕೆ ಮೀನಿನ ಭಯ ಜಾಸ್ತಿ. ಮರಳಲ್ಲಿ ಹುದುಗಿ ಮಲಗಿರತ್ತೆ, ಮೇಲೆ ಕಾಲಿಟ್ರೆ ಬಾಲದ ಮುಳ್ಳು ಹೊಡೆಯತ್ತೆ. ರಾತ್ರಿ ನೀರಲ್ಲಿ ಕಾಲು ಎತ್ತಿ ಇಡಬೇಡಿ, ಎಳೆದು ಎಳೆದು ನಡೀರಿ, ಸದ್ದಿಗೆ ಅದೇ ಸರಿದು ಹೋಗತ್ತೆ. ಮೀಸೆ ಇರೋ ಸಾಂಗಟ ಗಾಳಕ್ಕೆ ಬಿದ್ರೆ ಕೈಯಲ್ಲಿ ಹಿಡಿಯಬೇಡಿ, ಅದರ ಮುಳ್ಳೂ ನಂಜೇ. ಚುಚ್ಚಿದ್ರೆ ತಡೆಯೋಷ್ಟು ಬಿಸಿ ನೀರಲ್ಲಿ ಕೈ ಅದ್ದಿ ಇಡಿ, ನೋವು ಇಳಿಯತ್ತೆ, ಆಮೇಲೆ ಡಾಕ್ಟ್ರ ಹತ್ತಿರ ಹೋಗಿ. ಕಲ್ವೆ ಚಿಪ್ಪು ಅಂಟಿರೋ ಬಂಡೆಗೆ ಬರಿಗಾಲಲ್ಲಿ ಹೋಗೋದು ಬೇಡವೇ ಬೇಡ.

ಒಬ್ಬರೇ ಹೋಗಬೇಡಿ. ಇಳಿತದ ಕೆಸರಲ್ಲಿ ಸೊಂಟದ ತನಕ ಹೂತು ಹೋದವನನ್ನ ಹಲಗೆ ಹಾಕಿ ಎಳೆದಿದೇವೆ ನಾವು.

ಪುಕ್ಕದ ಪೆಟ್ಟಿಗೆ
ಮರೆತಿದ್ದೆ. ಚೊಣಕಿನ ಕಿವಿರಿನ ಮುಚ್ಚಳ ಬ್ಲೇಡು. ತುದಿಗೆ 40 ಪೌಂಡಿನ ದಪ್ಪ ನೈಲಾನ್ ಒಂದೂವರೆ ಅಡಿ ಹಾಕ್ಲೇಬೇಕು. ಟ್ರೌಟಿನ ತೆಳು ದಾರ ತಲೆ ಕೊಡವಿದ್ರೆ ಕಟ್.

ಘಟ್ಟದ ಮೇಲಿನವ
ಮೀನು ತಿನ್ನದೇ ಇದ್ರೂ ಈ ಎಳೆಯನ್ನ ರಾತ್ರಿ ಒಂದೂವರೆ ತನಕ ಓದಿದೆ. ಮನೆಯಲ್ಲಿ ಬೈತಿದಾರೆ. ಮುಂದೆ ಎಂತ ಆಯ್ತು ಹೇಳಿ.

ಕೋಡಿಬಾಗ ಕತ್ತಲೆ
(ಹನ್ನೊಂದು ದಿನದ ನಂತರ)

ನಿನ್ನೆ ಅಮಾವಾಸ್ಯೆ. ಅಕ್ಕನ ಮಗನನ್ನ ಜೊತೆಗೆ ಕರ್ಕೊಂಡು ಹನ್ನೊಂದಕ್ಕೆ ಹೋದೆ. ಟಾರ್ಚ್ ಕಿಸೆಯಲ್ಲಿ. ಭರತಿ ತುಂಬಿ ನಿಂತಿತ್ತು, ನೀರು ಉಸಿರಾಡ್ತಿರಲಿಲ್ಲ. ದಡದಲ್ಲಿ ಕೂತು ಚಹಾ ಕುಡಿದ್ವಿ, ಅಜ್ಜನ ನೆನಪಾಯ್ತು. ಹನ್ನೆರಡೂವರೆಗೆ ಕಾಂಡ್ಲಾ ಬೇರುಗಳ ಮಧ್ಯ ನೀರು ಸರಸರ ಅನ್ನೋಕೆ ಶುರುವಾಯ್ತು. ನೀರು ಮಿಂಚುತಿತ್ತು (ಅಲುಗಿದ್ರೆ ಹೊಳೆಯೋ ಸೂಕ್ಷ್ಮಜೀವಿಗಳು), ದಾರ ಎಳೆದಲ್ಲೆಲ್ಲ ನೀಲಿ ಗೆರೆ. ಹುಡುಗ ಅದನ್ನೇ ನೋಡ್ತಾ ಕೂತ. ಒಂದು ಗಂಟೆ ಹೊತ್ತಿಗೆ ಸಣ್ಣ ಹಳ್ಳ ಕೂಡೋ ಜಾಗದಲ್ಲಿ ‘ಬಫ್’. ದೋಣಿ ಅಣ್ಣಾ, ನೀವು ಬರೆದ ಹಾಗೇ. ‘ಚಪ್’ ಅಲ್ಲವೇ ಅಲ್ಲ. ಒಂದು ಸಲ ಕೇಳಿದ್ರೆ ಮರೆಯಲ್ಲ.

ಕಪ್ಪು ಫ್ಲೈ, ನಿಧಾನ. ನಾಲ್ಕನೇ ಬೀಸಿಗೆ ‘ಟಪ್’. ಬಲಗೈ ರಾಡ್ ಎತ್ತೋಕೆ ಹೊರಟೇಬಿಟ್ಟಿತ್ತು. ಬೈದು ನಿಲ್ಲಿಸಿದೆ, ಎಡಗೈಯಲ್ಲಿ ಜಗ್ಗಿದೆ. ಆಮೇಲೆ ನಾನು ಜಗ್ಗಿದ್ದೋ ಅದು ಜಗ್ಗಿದ್ದೋ ಗೊತ್ತಿಲ್ಲ. ಬೆರಳಿನ ಚರ್ಮ ಕಿತ್ತು ಬಂತು. ಎರಡು ಸಲ ಮೇಲೆ ಹಾರಿತು, ಕತ್ತಲಲ್ಲಿ ಮೀನು ಕಾಣಲಿಲ್ಲ, ನೀಲಿ ನೀರು ಮೇಲಿಂದ ಸುರಿದಿದ್ದು ಮಾತ್ರ ಕಾಣಿಸ್ತು. ದಡಕ್ಕೆ ಎರಡು ಮಾರು ಇದ್ದಾಗ ಹುಡುಗ ಕೇಳದೇ ಟಾರ್ಚ್ ಹಾಕಿಬಿಟ್ಟ. ಕಣ್ಣು ಕೆಂಡದಂಗೆ ಹೊಳೀತು. ಒಂದು ಸಲ ತಲೆ ಕೊಡವಿತು, ಅಷ್ಟೇ, ದಾರ ಹಗುರ.

ಪುಕ್ಕದ ಪೆಟ್ಟಿಗೆ
40 ಪೌಂಡ್ ಹಾಕಿದ್ರಾ?

ಕೋಡಿಬಾಗ ಕತ್ತಲೆ
ಪ್ಯಾಕೆಟ್ ಮನೆಯ ಟೇಬಲ್ ಮೇಲೆ ಇತ್ತು.

ಪುಕ್ಕದ ಪೆಟ್ಟಿಗೆ
😶

ಹಳೆ ರಾಂಪಣಿ
ಪುಕ್ಕಕ್ಕೆ ಬಿತ್ತು ಅನ್ನೋದನ್ನ ಒಪ್ಪಿದೆ ತಮ್ಮಾ. ಶೆಟ್ಲಿ ಆಗಿದ್ರೆ ಮನೆಗೆ ಬಂದಿರ್ತಿತ್ತು ಅನ್ನೋದನ್ನೂ ನೀನು ಒಪ್ಪು.

ಅಂಕೋಲಾ ಅಕ್ಕ
ಅಂದ್ರೆ ಈಗ ಏಳು ರಾತ್ರಿ, ಮೀನು ಸೊನ್ನೆ.

ಕೋಡಿಬಾಗ ಕತ್ತಲೆ
ಸೊನ್ನೆಯೇ ಅಕ್ಕಾ. ಇವತ್ತು ಇಳಿತ 50 ನಿಮಿಷ ತಡ. ಪ್ಯಾಕೆಟ್ ಈಗಲೇ ಕಿಸೆಗೆ ಹಾಕ್ಕೊಂಡಿದೇನೆ.